ಅಣ್ಣನ ಹೊಟ್ಟೆಯ ಅಳತೆ

ಅಣ್ಣನ ಖಾಕಿ ಪ್ಯಾಂಟಿನ ನಡು ಮೂವತ್ತಾರು ಇಂಚು. ಕಂಡಕ್ಟರ್ ಕೆಲಸಕ್ಕೆ ಸೇರಿದ ಹೊಸದರಲ್ಲೇ ಮೂವತ್ತಾರಕ್ಕೆ ಬಂದು ನಿಂತದ್ದು, ಕೊನೆಯ ಜೋಡಿ ಹೊಲಿಯುವವರೆಗೂ ಅಷ್ಟೇ ಇತ್ತು. ಹೊಲಿದವನು ನಾನೇ, ಅವನ ತಮ್ಮ. ಸಿಂದಗಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ. ಆ ಮೂವತ್ತಾರು ಸುಳ್ಳಲ್ಲ. ಅದನ್ನು ಹೇಳಬಾರದ ಜಾಗದಲ್ಲಿ ಹೇಳಿದೆ, ಅದು ನನ್ನ ತಪ್ಪು.

ನಾನು ಏಳನೇ ಇಯತ್ತೆಗೆ ಸಾಲೆ ಬಿಟ್ಟವನು. ಅಪ್ಪ ತೀರಿಕೊಂಡ ಮೇಲೆ ಅಣ್ಣನೇ ನನ್ನ ಕೈ ಹಿಡಿದು ಇಂಡಿಗೆ ಕರೆದುಕೊಂಡು ಹೋಗಿ, ಒಬ್ಬ ಟೇಲರನ ಹತ್ತಿರ ಕೆಲಸ ಕಲಿಯಲು ಬಿಟ್ಟ. ಆ ಉಸ್ತಾದ್ ಒಳ್ಳೆಯ ಕೈಯವನು. ಕಾಜಾ ಹಾಕುವುದು, ಕಾಲರ್ ಕೂರಿಸುವುದು ಎಲ್ಲ ಕಲಿಸಿದ. ಅದರ ಜೊತೆ ಒಂದು ರೀತಿಯನ್ನೂ ಕಲಿಸಿದ.

"ಎದಿ ಅಳತಿ ಒದರು, ತೋಳಿಂದು ಒದರು. ಹೊಟ್ಟಿ ಅಳತಿ ಮಾತ್ರ ಬಾಯಿಲೆ ಅನಬ್ಯಾಡ ಮಗನ. ಸುಮ್ಮ ಬಟ್ಟಿ ಮ್ಯಾಲ ಸುಣ್ಣದ ಖಡುವಿಲೆ ಗೀಚು. ಗಿರಾಕಿಗೆ ನಾಚಿಕಿ ಆಗಬಾರದು, ಮಂದಿ ದೃಷ್ಟಿನೂ ಬೀಳಬಾರದು."

ನಮ್ಮ ಕಡೆ ಯಾರಿಗೂ ಮುಖದ ಮೇಲೆ ದಪ್ಪ ಆಗೀದಿ ಅನ್ನುವುದಿಲ್ಲ. ಮೈ ಕೈ ತುಂಬಿಕೊಂಡಾರ ಅನ್ನುತ್ತಾರೆ, ಅದನ್ನೂ ಮೆಲ್ಲಗೆ. ನನಗೆ ಉಸ್ತಾದನ ಮಾತು ಸರಿಯೆನ್ನಿಸಿತು. ಈಗಲೂ ಅದರಲ್ಲಿ ಕೆಟ್ಟದ್ದೇನೂ ಇಲ್ಲ, ಅಂಗಡಿಯೊಳಗೆ ಇರುವ ತನಕ.

ಹೊಟ್ಟೆ ಬಂದವರ ಪ್ಯಾಂಟು ಹೊಕ್ಕುಳಿನ ಮೇಲೆ ನಿಲ್ಲುವುದಿಲ್ಲ. ವರ್ಷಕ್ಕೊಂದು ಬೆರಳು ಕೆಳಗೆ ಸರಿದು ಹೊಟ್ಟೆಯ ಬುಡಕ್ಕೆ ಹೋಗಿ ಕೂರುತ್ತದೆ. ಅಲ್ಲಿರುವುದು ಎಲುಬು, ಅದು ಅಷ್ಟಾಗಿ ಬೆಳೆಯುವುದಿಲ್ಲ. ಆದ್ದರಿಂದ ಪ್ಯಾಂಟಿನ ಅಳತೆ ಇದ್ದಷ್ಟೇ ಇರುತ್ತದೆ. ಅಂಗಿ ಹಾಗಲ್ಲ, ಹೊಟ್ಟೆಯ ಮೇಲೇ ಹಾಯಬೇಕು. ಅಣ್ಣನ ಅಂಗಿಗೆ ಬಗಲಿನ ಹೊಲಿಗೆಯೊಳಗೆ ನಾನು ಯಾವಾಗಲೂ ಹೆಚ್ಚಿನ ಬಟ್ಟೆ ಬಿಟ್ಟಿರುತ್ತಿದ್ದೆ. ಗುಂಡಿ ಎಳೆಯತೊಡಗಿದ ಕೂಡಲೆ ಅವನು ಅಂಗಡಿಗೆ ಬರುತ್ತಿದ್ದ.

"ಈ ಖಾಕಿ ಒಗದಂಗ ಒಗದಂಗ ಕುಗ್ಗತೈತಿ ನೋಡೋ."

"ಹೌದಣ್ಣಾ, ಈ ಸಲದ ಬಟ್ಟಿ ಅಷ್ಟ ಛಲೋ ಇಲ್ಲ" ಅನ್ನುತ್ತ ನಾನು ಹೊಲಿಗೆ ಬಿಚ್ಚಿ ಸಡಿಲು ಮಾಡಿ ಕೊಡುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಅಣ್ಣ ಆಗ ಸಿಂದಗಿಯಿಂದ ದೇವರ ಹಿಪ್ಪರಗಿ, ತಾಳಿಕೋಟೆ ಹಾದು ಮುದ್ದೇಬಿಹಾಳಕ್ಕೆ ಹೋಗುವ ಗಾಡಿಯ ಮೇಲಿದ್ದ. ಮನೆಗೆ ಬಂದರೆ ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದ. ಊಟ ಮಾಡಿದ ಗಳಿಗೆಗೆ ಮತ್ತೆ ಹಸಿವು. ಅವನ ಹೆಂಡತಿಗೆ, ನನ್ನ ವೈನಿಗೆ, ಇದು ಸರಿ ಕಾಣಲಿಲ್ಲ. ಕಲ್ಯಾಣ ಮಂಟಪದಲ್ಲಿ ಪುಕ್ಕಟೆ ಆರೋಗ್ಯ ತಪಾಸಣೆ ಇದೆ ಎಂದು ರಿಕ್ಷಾದವನು ಒದರುತ್ತ ಹೋದಾಗ ನನ್ನ ಅಂಗಡಿಗೇ ಬಂದರು.

"ತಮ್ಮಾ, ನನ್ನ ಮಾತಂದ್ರ ಅವರಿಗೆ ಹಾಸ್ಯ. ನೀ ಅಂದ್ರ ಕೇಳ್ತಾರ. ಕರಕೊಂಡ ಹೋಗಿ ತೋರಿಸಿಕೊಂಡ ಬಾ."

ಕರೆದುಕೊಂಡು ಹೋದೆ. ಅಲ್ಲಿ ಒಬ್ಬ ನರ್ಸಬಾಯಿ ಕೆಂಪು ರಿಬ್ಬನ್ನು ಹಿಡಿದು ಕೂತಿದ್ದರು. ನೆತ್ತಿಯಿಂದ ಹಿಮ್ಮಡದವರೆಗೆ ರಿಬ್ಬನ್ನು ಹಿಡಿದು ಅಷ್ಟಕ್ಕೇ ಕತ್ತರಿಸಿ, ಎರಡಾಗಿ ಮಡಚಿ ಹೊಕ್ಕುಳಿನ ಮೇಲೆ ಸುತ್ತುತ್ತಿದ್ದರು.

"ಎರಡೂ ತುದಿ ಕೂಡಬೇಕ್ರಿ. ಕೂಡಲಿಲ್ಲಂದ್ರ ಹೊಟ್ಟಿ ಒಳಗ ಬೊಜ್ಜು ಕುಂತೈತಿ ಅಂತ ತಿಳೀರಿ. ಸಕ್ಕರಿ ಬ್ಯಾನಿ, ಎದಿ ಬ್ಯಾನಿ ಅದರ ಬೆನ್ನಿಗೇ ಬರತಾವ. ಬರೇ ತೂಕ ನೋಡಿದ್ರ ಇದು ತಿಳಿಯಂಗಿಲ್ಲ."

ಅಣ್ಣನ ಸರದಿ ಬಂತು. ರಿಬ್ಬನ್ನಿನ ಎರಡು ತುದಿಗಳ ನಡುವೆ ಒಂದು ಗೇಣು ಖಾಕಿ ಅಂಗಿ ಕಾಣುತ್ತಿತ್ತು.

"ರಿಬ್ಬನ್ ಸಾಲಂಗಿಲ್ಲರಿ ಬಾಯಾರ, ಗಾಡಿ ಟಾಪಿನ ಹಗ್ಗ ತರತೇನಿ ತಡೀರಿ!" ಎಂದ ಹಿಂದೆ ನಿಂತಿದ್ದ ಅಣ್ಣನ ಗಾಡಿಯ ಡ್ರೈವರ್. ಪಾಳಿಯಲ್ಲಿದ್ದವರೆಲ್ಲ ನಕ್ಕರು. ಇನ್ನೊಬ್ಬ, "ಉಡದಾರಕ್ಕರ ಎಷ್ಟ ಬೆಳ್ಳಿ ಹಾಕ್ಯಾನೋ ಏನೋ" ಅಂದ.

ಅಣ್ಣ ಗಾಡಿಯ ತುಂಬ ಜನರನ್ನು ನಗಿಸುವವನು. ತನ್ನನ್ನು ನೋಡಿ ನಗುವುದನ್ನು ಅವನು ತಾಳುತ್ತಿರಲಿಲ್ಲ.

"ಆ ರಿಬ್ಬನ್ನಿಲೆ ಹೆಣ್ಮಕ್ಕಳ ಹೆರಳ ಕಟ್ರಿ ಬಾಯಾರ. ಅಳತಿ ಬೇಕಂದ್ರ ನನ್ನ ತಮ್ಮನ್ನ ಕೇಳ್ರಿ, ಟೇಲರ್ ಅದಾನ. ಏ, ನನ್ನ ನಡ ಎಷ್ಟೈತಿ ಹೇಳು."

"ಮೂವತ್ತಾರು."

"ಯಾವಾಗಿಂದ?"

"ಮೊದಲಿಂದನೂ ಅಷ್ಟ ಐತಿ."

ಮತ್ತೆ ನಗೆ ಎದ್ದಿತು, ಈ ಸಲ ನರ್ಸಬಾಯಿಯ ಮೇಲೆ. ಅವರು ಬೇಸರ ಮಾಡಿಕೊಳ್ಳದೆ ನನ್ನ ಕಡೆ ತಿರುಗಿದರು.

"ಟೇಪ ಎಲ್ಲಿ ಹಿಡಿತೀರಿ ನೀವು?"

"ಪ್ಯಾಂಟ್ ಕಟ್ಟೋ ಜಾಗಾದಾಗರಿ."

"ಅಲ್ಲೆ ಬ್ಯಾಡ. ಹೊಟ್ಟಿ ಮ್ಯಾಲೆ, ಅಂಗಿ ಎಷ್ಟಕ್ಕ ಹೊಲೀತೀರಿ?"

ನಲವತ್ತೆರಡು. ಹಿಂದಿನ ತಿಂಗಳಷ್ಟೇ ಬಗಲು ಬಿಚ್ಚಿ ಹೊಲಿದಿದ್ದೆ. ನಾಲಿಗೆಯ ತುದಿಗೆ ಬಂದಿತ್ತು. ಅಣ್ಣ ನನ್ನನ್ನೇ ನೋಡುತ್ತಿದ್ದ. ನನಗೆ ಮೊದಲ ಮಷಿನ್ ಕೊಡಿಸಿದವನು, ನನ್ನ ಮದುವೆ ಮಾಡಿದವನು. ಅಷ್ಟು ಜನರ ಮುಂದೆ ಅವನ ಹೊಟ್ಟೆಯ ಅಳತೆ ಒದರಲು ನನ್ನಿಂದ ಆಗಲಿಲ್ಲ.

"ಅಂಗಿ ಸಡ್ಲ ಹೊಲೀತೇವ್ರಿ, ಅದರ ಲೆಕ್ಕ ಬ್ಯಾರೆ" ಅಂದುಬಿಟ್ಟೆ.

"ಆತು, ನಾಳೆ ಮುಂಜಾನೆ ಖಾಲಿ ಹೊಟ್ಟಿಲೆ ಬಂದು ರಕ್ತ ತಪಾಸಣಿಗರ ಕೊಡ್ರಿ" ಎಂದರು ನರ್ಸಬಾಯಿ. ಅಣ್ಣ ಹೋಗಲಿಲ್ಲ. ಸಂಜೆ ಮನೆಯಲ್ಲಿ ಈ ಕಥೆಯನ್ನು ನಗುನಗುತ್ತ ಹೇಳಿದ. ವೈನಿ ನಗದೆ ನನ್ನನ್ನು ಕೇಳಿದರು, "ಖರೇನಾ ತಮ್ಮಾ? ಮೂವತ್ತಾರ ಐತಿ?" ನಾನು ಹೂಂ ಅಂದು ಚಹಾದ ಕಪ್ಪು ಎತ್ತಿಕೊಂಡೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಮುಂದೆ ಒಂದು ಬೇಸಿಗೆಯಲ್ಲಿ ಹೊಸ ಚಪ್ಪಲಿ ಕಡಿದು ಅಣ್ಣನ ಹೆಬ್ಬೆರಳಿಗೆ ಹುಣ್ಣಾಯಿತು. ಅರಿಶಿನ ಹಚ್ಚಿದರೂ ಮಾಯಲಿಲ್ಲ, ಮುಲಾಮಿಗೂ ಮಾಯಲಿಲ್ಲ. ಅದಕ್ಕೆ ನೋವೇ ಇರಲಿಲ್ಲ, ಹಾಗಾಗಿ ಅವನು ಅದರ ಮೇಲೆಯೇ ಡ್ಯೂಟಿ ಮಾಡಿದ. ವಾಸನೆ ಬಂದಾಗ ವಿಜಾಪುರಕ್ಕೆ ಒಯ್ದೆವು. ಸಕ್ಕರೆ ಎಷ್ಟೋ ವರ್ಷದಿಂದ ಇದೆ, ಮೊದಲೇ ನೋಡಿಸಿದ್ದರೆ ಗುಳಿಗೆಯಲ್ಲಿ ಹತೋಟಿಗೆ ತರಬಹುದಿತ್ತು ಎಂದರು ಡಾಕ್ಟರು. ಮೊದಲು ಬೆರಳು ತೆಗೆದರು, ಆಮೇಲೆ ಮೊಣಕಾಲಿನ ಕೆಳಗಿನದನ್ನೆಲ್ಲ.

ದವಾಖಾನೆಯಲ್ಲಿ ಅವನಿಗೊಂದು ಪಾಯಿಜಾಮ ಹೊಲಿಯಲು ಅಳತೆಗೆ ಕೂತೆ. ಹೊಟ್ಟೆ ಕರಗಿ ಚರ್ಮ ಜೋತಿತ್ತು. ಅಣ್ಣನೇ ಟೇಪನ್ನು ಹೊಕ್ಕುಳಿನ ಮೇಲೆ ಎಳೆದುಕೊಂಡ.

"ಇಲ್ಲೆ ಹಿಡಿ. ಎಷ್ಟು?"

"ಮೂವತ್ತೆರಡು."

"ನೋಡು, ಆ ಬಾಯಿ ರಿಬ್ಬನ್ ಈಗಾದ್ರ ಗಂಟ ಹಾಕಾಕೂ ಬರತಿತ್ತು" ಎಂದು ನಕ್ಕ. ಅವತ್ತು ನಲವತ್ತೆರಡಿತ್ತು ಎಂದು ಆಗಲಾದರೂ ಹೇಳಬಹುದಿತ್ತು. ನಾನು ಬಗ್ಗಿ, ಇಲ್ಲದ ಕಾಲಿನ ಕಡೆ ಎಷ್ಟು ಬಟ್ಟೆ ಮಡಚಬೇಕೆಂದು ಖಡುವಿನಿಂದ ಗೀಚಿಕೊಂಡೆ. ಆ ಪಾಯಿಜಾಮವನ್ನು ಅವನು ಹೆಚ್ಚು ದಿನ ತೊಡಲಿಲ್ಲ. ಚಳಿಗಾಲ ಬರುವುದರೊಳಗೆ ಎದೆಬಡಿತ ನಿಂತು ಹೋದ.

ವರ್ಷ ಕಳೆದ ಮೇಲೆ ವೈನಿ ಅವನ ಬಟ್ಟೆಗಳಿಂದ ಕೌದಿ ಹೊಲಿಯಲು ಕೂತರು. ಒಂದು ಮಧ್ಯಾಹ್ನ ಹೊಲಿಗೆ ಬಿಚ್ಚಿದ ಖಾಕಿ ಅಂಗಿಯೊಂದನ್ನು ಹಿಡಿದು ನನ್ನ ಅಂಗಡಿಗೆ ಬಂದು, ಕಟಿಂಗ್ ಮೇಜಿನ ಮೇಲೆ ಹರವಿದರು. ಬಗಲಿನಲ್ಲಿ ಬಿಸಿಲು ಕಾಣದ ಬಟ್ಟೆಯ ಬಣ್ಣ ಗಾಢವಾಗಿ ಉಳಿದಿತ್ತು. ಅದರ ಮೇಲೆ ಒಂದರ ಪಕ್ಕ ಒಂದು ಸೂಜಿಯ ತೂತಿನ ಸಾಲುಗಳು.

"ಇದೇನ ತಮ್ಮಾ, ಬಿಚ್ಚಿ ಬಿಚ್ಚಿ ಹೊಲದಂಗೈತಿ?"

"ಹೌದ್ರಿ ವೈನಿ. ಸಡ್ಲ ಮಾಡ್ಕೋತ ಬಂದಿದ್ದೆ."

ಅವರು ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಬೆರಳು ಚಾಚಿ ನೋಡಿದರು. ಆಮೇಲೆ ಇನ್ನೊಂದು ಬಗಲನ್ನು ತಿರುವಿ ಅಲ್ಲಿಯೂ ನೋಡಿದರು.

"ಹೊಟ್ಟಿ ನಲವತ್ತೆರಡಿತ್ತು" ಅಂದೆ. "ನನಗ ಗೊತ್ತಿತ್ತು."

"ಅವತ್ತ ಸಂಜಿಕ ನಾ ಕೇಳಿದ್ದೆ ನಿನ್ನ."

ಅಂಗಿ ಮಡಚಿಕೊಂಡು ಹೋದರು.

ಕೌದಿ ಮುಗಿಯಿತು. ಆ ಬಗಲಿನ ತುಂಡುಗಳನ್ನು ವೈನಿ ಒಳಗೆ ಮರೆಮಾಡದೆ, ತೂತಿನ ಸಾಲು ಕಾಣುವಂತೆ ನಡುವಿಗೇ ಕೂರಿಸಿದ್ದಾರೆ. ಹಬ್ಬಕ್ಕೆ ಹೋದರೆ ನನಗೆ ಕೂರಲು ಅದನ್ನೇ ಹಾಸುತ್ತಾರೆ. ಕೂಡು ಅನ್ನುವುದಿಲ್ಲ, ಬೇಡ ಅನ್ನುವುದೂ ಇಲ್ಲ. ನಾನು ಅದನ್ನು ಬಿಟ್ಟು ಪಕ್ಕದ ಬರಿ ನೆಲದ ಮೇಲೆ ಕೂರುತ್ತೇನೆ.