ಹನ್ನೊಂದನೇ ನಂಬರಿನ ಗುರುತು

ನಮ್ಮತ್ತೆಗೆ ಇಪ್ಪತ್ತಾರು ವರ್ಷ ಸಂಬಳ ಬಂದದ್ದು ಕೇಳುವುದಕ್ಕೆ. ಹೇಳಿದರೆ ಜನ ನಗುತ್ತಾರೆ, ನಗಲಿ. ಮಾತಾಡುವುದಕ್ಕೆ ಸಂಬಳ ತೆಗೆದುಕೊಳ್ಳುವವರು ಊರು ತುಂಬ ಇದ್ದಾರೆ. ಕೇಳುವುದಕ್ಕೆ ತೆಗೆದುಕೊಂಡವಳನ್ನು ನಾನು ಕಂಡಿದ್ದು ಇವಳೊಬ್ಬಳನ್ನೇ.

ಅತ್ತೆ ಅಂದರೆ ಅಪ್ಪನ ತಂಗಿ. ಮದುವೆಯಾಗಲಿಲ್ಲ, ನಾನು ಹುಟ್ಟುವ ಮೊದಲಿನಿಂದಲೂ ಈ ಮನೆಯಲ್ಲೇ ಇದ್ದಾಳೆ. ಟೇಬಲ್ ಫ್ಯಾನ್ ಮಾಡುವ ಕಾರ್ಖಾನೆಯಲ್ಲಿ ಕೊನೆಯ ಬೆಂಚು ಅವಳದು. ಮೋಟಾರು ಕೂತು, ರೆಕ್ಕೆ ಹತ್ತಿ, ಮುಂದಿನ ಜಾಲರಿ ಹಾಕುವುದೊಂದೇ ಬಾಕಿ ಇರುವಾಗ ಫ್ಯಾನು ಅವಳ ಮುಂದೆ ಬರುತ್ತಿತ್ತು. ಅವಳು ಸ್ವಿಚ್ ಒತ್ತಿ, ಒಂದಡಿಯ ಮರದ ಸ್ಕೇಲಿನ ಒಂದು ತುದಿಯನ್ನು ಮೋಟಾರಿಗೂ ಇನ್ನೊಂದನ್ನು ಕಿವಿಯ ಹಿಂದಿನ ಮೂಳೆಗೂ ಆನಿಸಿ, ಕಣ್ಣು ಮುಚ್ಚಿ ಮೂವತ್ತು ಎಣಿಸುವಳು. ಸದ್ದು ಸರಿಯಿದ್ದರೆ ಸೀಮೆಸುಣ್ಣದಲ್ಲಿ ಒಂದು ಸರಿ ಗುರುತು, ಪಕ್ಕಕ್ಕೆ ತನ್ನ ನಂಬರು: ಹನ್ನೊಂದು. ಸರಿಯಿಲ್ಲದಿದ್ದರೆ ಮಾತಿಲ್ಲ, ಎಡಕ್ಕೆ ತಳ್ಳಿಬಿಡುವಳು. ಆ ಸೀಮೆಸುಣ್ಣದ ಗುರುತು ಬಿದ್ದ ಮೇಲೆ ಮ್ಯಾನೇಜರೂ ತುಟಿ ಬಿಚ್ಚುತ್ತಿರಲಿಲ್ಲವಂತೆ.

ಕೊನೆಗೆ ಒಂದೇ ಒಂದು ಫ್ಯಾನು ದೂರಿನ ಚೀಟಿ ಕಟ್ಟಿಕೊಂಡು ವಾಪಸ್ಸು ಬಂತು. ಚೀಟಿಯಲ್ಲಿ ‘ಪರೀಕ್ಷಿಸಿದವರು: ೧೧’ ಅಂತಿತ್ತು. ಮುಂದಿನ ತಿಂಗಳು ಅವಳ ಬೆಂಚಿನ ಮೇಲೆ ಸದ್ದು ಅಳೆಯುವ ಪೆಟ್ಟಿಗೆಯೊಂದು ಬಂದು ಕೂತಿತು. ‘ಇನ್ನು ಆರಾಮವಾಗಿರಿ ಮೇಡಂ’ ಅಂತ ಹೇಳಿ ಕಳಿಸಿದರು. ಸ್ಕೇಲನ್ನೂ ಅರ್ಧ ಡಬ್ಬಿ ಸೀಮೆಸುಣ್ಣವನ್ನೂ ಚೀಲದಲ್ಲಿ ಹಾಕಿಕೊಂಡು ಅತ್ತೆ ಮನೆಗೆ ಬಂದಳು. ಅದಾಗಿ ಮೂರು ವರ್ಷ. ಕೆಲಸದಲ್ಲಿದ್ದಷ್ಟು ದಿನ ಪಕ್ಕದ ಮನೆಯ ಮಿಕ್ಸಿ ಸದ್ದು ಕೇಳಿಯೇ ‘ಇದು ಇನ್ನು ಹದಿನೈದು ದಿನ’ ಅಂತ ತೀರ್ಪು ಕೊಡುತ್ತಿದ್ದವಳ ಬಾಯಲ್ಲಿ ಆಮೇಲೆ ಇದ್ದದ್ದು ಒಂದೇ ಮಾತು: ‘ನಂಗೇನು ಗೊತ್ತು ಬಿಡು.’ ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಮನೆಯಲ್ಲಿ ನನಗೆ ಮೆಣಸಿನಕಾಯಿ ಅಂತ ಸುಮ್ಮನೆ ಹೆಸರಿಟ್ಟಿಲ್ಲ.

ಈಗ ನನ್ನ ಕಥೆ. ನಾನು ಫೋಟೋ ಸ್ಟುಡಿಯೋದಲ್ಲಿ ಮುಖಗಳ ಮೊಡವೆ ಅಳಿಸುವ ಕೆಲಸದವಳು. ಕೆಲಸ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವವಳು. ಆಟ ಅಂದರೆ ಹೊತ್ತು ಕಳೆಯುವ ಆಟವಲ್ಲ. ನಾಲ್ಕು ಹುಡುಗಿಯರ ತಂಡ ನಮ್ಮದು, ದೊಡ್ಡ ಪಂದ್ಯದ ಆಯ್ಕೆಯ ಸುತ್ತು ಹದಿಮೂರು ದಿನ ದೂರದಲ್ಲಿತ್ತು. ನನ್ನ ಹಳೇ ಕಂಪ್ಯೂಟರು ಪ್ರತಿ ತಿರುವಿನಲ್ಲೂ ಬಿಕ್ಕಳಿಸುತ್ತಿತ್ತು. ಅದಕ್ಕೇ ಎರಡು ವರ್ಷ ಕೂಡಿಟ್ಟು, ಕಂಪನಿಯವರೇ ಜೋಡಿಸಿ ಕಳಿಸುವ ಗೇಮಿಂಗ್ ಕಂಪ್ಯೂಟರು ತರಿಸಿದೆ. ಬಿಡಿ ಭಾಗ ತಂದು ಜೋಡಿಸುವಷ್ಟು ಬುದ್ಧಿಯೂ ಇಲ್ಲ, ತಾಳ್ಮೆಯಂತೂ ಮೊದಲೇ ಇಲ್ಲ. ಏಳು ದಿನದೊಳಗೆ ಬೇಡ ಅನ್ನಿಸಿದರೆ ವಾಪಸ್ಸು ಕಳಿಸಬಹುದು, ಎಂಟನೇ ದಿನದಿಂದ ಅದು ನನ್ನ ಹಣೆಬರಹ. ಕೊಂಡವರ ಅಭಿಪ್ರಾಯ ಐವತ್ತು ಓದಿದೆ, ಐವತ್ತೂ ಐವತ್ತು ದಿಕ್ಕು. ಆಗ ಹೊಳೆಯಿತು: ಮನೆಯಲ್ಲೇ ಪರೀಕ್ಷಕಿಯನ್ನು ಇಟ್ಟುಕೊಂಡು ಊರೆಲ್ಲ ಯಾಕೆ ಕೇಳುತ್ತಿದ್ದೇನೆ? ಹಿತ್ತಲ ಗಿಡ ಮದ್ದಲ್ಲ ಅಂದಹಾಗಾಯಿತು.

ಸೋಮವಾರ ಬೆಳಿಗ್ಗೆ ಕಂಪ್ಯೂಟರು ಮೂರು ಮಹಡಿ ಹತ್ತಿ ಬಂತು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಸ್ ಡ್ರೈವರ್ ಆದ ಅಪ್ಪ ಡ್ಯೂಟಿಗೆ ಹೊರಟವನು ಚಪ್ಪಲಿ ಬಿಟ್ಟು ವಾಪಸ್ಸು ಬಂದ.

"ಅತ್ತೆ, ಇದನ್ನ ಪಾಸ್ ಮಾಡೋದು ನೀನು. ಇಡೋದಾ, ಕಳಿಸೋದಾ, ನೀನು ಹೇಳಿದ ಹಾಗೆ," ಅಂದೆ.

"ನಂಗೇನು ಗೊತ್ತು ಬಿಡು. ಕಂಪ್ಯೂಟರ್ ಅಂದ್ರೆ ನಂಗೆ ಕರೀ ಡಬ್ಬ."

"ಇದರೊಳಗೆ ಐದು ಫ್ಯಾನ್ ಇದಾವೆ."

ಅತ್ತೆಯ ಕೈಯಲ್ಲಿದ್ದ ಪಾತ್ರೆ ಅಲ್ಲೇ ನಿಂತಿತು. "ಐದಾ?" ಅಂದಳು. ಆ ‘ಐದಾ’ ಕೇಳಿದಾಗಲೇ ನನಗೆ ಗೊತ್ತಾಯಿತು, ಮೀನು ಗಾಳ ಕಚ್ಚಿತು.

ಕೈ ಒರೆಸಿಕೊಂಡು ಒಳಗೆ ಹೋದವಳು ಸ್ಕೇಲು, ಸೀಮೆಸುಣ್ಣ ಹಿಡಿದು ಬಂದಳು. ಮೂರು ವರ್ಷದ ಧೂಳು ಒರೆಸಿದ್ದಳು. ಯಂತ್ರದ ಪಕ್ಕದ ಗಾಜಿನ ಬಾಗಿಲು ಬಿಚ್ಚಿಸಿ ಗೋಡೆಗೆ ಒರಗಿಸಿದಳು. ನಾನು ಸ್ವಿಚ್ ಒತ್ತಲು ಹೋದರೆ ಕೈ ಮೇಲೆ ಒಂದು ಏಟು. "ಮೊದಲು ಕಣ್ಣು, ಆಮೇಲೆ ಕಿವಿ." ನೋಡಿದರೆ ಒಳಗೆ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ದಾರಿಯಲ್ಲಿ ಅಲ್ಲಾಡದಿರಲೆಂದು ತುರುಕಿದ್ದ ಸ್ಪಂಜಿನ ದಿಂಡು ಹಾಗೇ ಇತ್ತು! ಅದನ್ನು ತೆಗೆಯದೆ ಹಚ್ಚಿದ್ದರೆ ನನ್ನ ಎರಡು ವರ್ಷ ಹೊಗೆಯಾಗುತ್ತಿತ್ತೋ ಏನೋ. ಆಮೇಲೆ ಸ್ವಿಚ್ ಒತ್ತಿದೆವು. ಬಣ್ಣ ಬಣ್ಣದ ದೀಪ ಹತ್ತಿ ಗೋಡೆಯೆಲ್ಲ ಕುಣಿಯಿತು.

"ಇದು ಕಂಪ್ಯೂಟರಾ, ಸರ್ಕಸ್ಸಾ?" ಅಂದ ಅಪ್ಪ.

"ಶ್!" ಅಂದಳು ಅತ್ತೆ. ಸ್ಕೇಲು ಒಂದೊಂದೇ ಫ್ಯಾನಿನ ಚೌಕಟ್ಟಿಗೆ ಹೋಯಿತು, ಕಣ್ಣು ಮುಚ್ಚಿತು, ತುಟಿ ಎಣಿಸಿತು. ನಾಲ್ಕು ದಾಟಿತು. ಐದನೆಯದರಲ್ಲಿ ಹುಬ್ಬು ಗಂಟಿಕ್ಕಿತು. "ಏನೋ ಟಿಕ್ ಅಂತಿದೆ. ರೆಕ್ಕೆಗೆ ತಾಗ್ತಿದೆ." ನನಗೆ ಏನೂ ಕೇಳಿಸಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ, ಹೌದು, ಕೂದಲೆಳೆಯಷ್ಟು ಹೊರಚಾಚಿದ ವೈರಿನ ತುದಿ. ಬೆರಳಲ್ಲಿ ಸರಿಸಿದಳು. ಸದ್ದು ನಿಂತಿತಂತೆ. ಅಪ್ಪ ಚಪ್ಪಾಳೆ ತಟ್ಟಿಬಿಟ್ಟ.

ಯಂತ್ರದ ಹಿಂಬದಿ ಕಂಪನಿಯ ಪುಟ್ಟ ಚೀಟಿಯೊಂದು ಅಂಟಿತ್ತು. ‘ಪರೀಕ್ಷಿಸಲಾಗಿದೆ’ ಅಂತ ಅಚ್ಚು, ಕೆಳಗೆ ಪೆನ್ನಿನಲ್ಲಿ ಬರೆದ ‘7’. ಅತ್ತೆ ಆ ಏಳರ ಮೇಲೆ ಬೆರಳಾಡಿಸಿದಳು. "ನೋಡು, ಇಲ್ಲೂ ಕೊನೇ ಬೆಂಚಲ್ಲಿ ಒಬ್ರು ಕೂತಿದ್ದಾರೆ," ಅಂದು, ಪಕ್ಕದಲ್ಲೇ ಸರಿ ಗುರುತು ಹಾಕಿ ಹನ್ನೊಂದು ಅಂತ ಬರೆದಳು. ಆವತ್ತು ಇಡೀ ದಿನ ಅವಳ ಬಾಯಲ್ಲಿ ‘ನಂಗೇನು ಗೊತ್ತು’ ಬರಲಿಲ್ಲ. ನನಗೆ ಕಂಪ್ಯೂಟರು ಬಂದದ್ದಕ್ಕಿಂತ ಅದೇ ಹೆಚ್ಚು ಖುಷಿ.

ಆ ವಾರ ಏನು ಹೇಳಲಿ! ಕಾರು ನೀರಿನ ಹಾಗೆ ಹರಿಯಿತು. ರಸ್ತೆ ಬದಿಯ ಹುಲ್ಲಿನ ಎಸಳೂ ಎಣಿಸುವಷ್ಟು ಸ್ಪಷ್ಟ. ಅತ್ತೆ ದಿನಾ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತು ಯಂತ್ರದ ಸದ್ದು ಕೇಳುವಳು, ಹಾಗಾಗಿ ಗಾಜು ಗೋಡೆಗೆ ಒರಗಿದ್ದು ಒರಗಿದ ಹಾಗೇ ಇತ್ತು.

ಶನಿವಾರ ಮಧ್ಯಾಹ್ನ ತಂಡದ ಜೊತೆ ಅಭ್ಯಾಸದ ರೇಸ್. ಅದಕ್ಕೆ ಮೊದಲು ಗೆಳತಿಯರಿಗೆ ಫೋಟೋ ಕಳಿಸೋಣವೆಂದು ಗಾಜು ಹಾಕಿ, ನಾಲ್ಕು ಸ್ಕ್ರೂ ಬಿಗಿದೆ. ಅಲಂಕಾರಕ್ಕೆ ತಾನೆ! ರೇಸಿನ ಇಪ್ಪತ್ತನೇ ನಿಮಿಷ. ನಾನು ಮುಂದಿದ್ದೆ. ಕಡಿದಾದ ತಿರುವಿನಲ್ಲಿ ಚಿತ್ರ ತಟಕ್ಕನೆ ನಿಂತಿತು, ಮತ್ತೆ ಜಿಗಿಯಿತು, ಮತ್ತೆ ನಿಂತಿತು. ಕಾರು ಗೋಡೆಗೆ. ತಂಡದವರು ಕಿವಿಯಲ್ಲಿ ಕಿರುಚಿದರು. ಪರದೆಯ ಮೂಲೆಯಲ್ಲಿ ಪ್ರಾಸೆಸರಿನ ಶಾಖ ತೊಂಬತ್ತಾರು ಡಿಗ್ರಿ ತೋರಿಸುತ್ತಿತ್ತು. ಅಷ್ಟು ಕಾದರೆ ಯಂತ್ರ ತಾನಾಗಿಯೇ ಕುಂಟುತ್ತದೆ.

ಹೆಡ್‌ಫೋನ್ ಕಿತ್ತೆಸೆದು ತಿರುಗಿದೆ. ಅತ್ತೆ ಗಾಬರಿಯಿಂದ ಎದ್ದು ನಿಂತಿದ್ದಳು. "ಇದನ್ನ ನೀನು ಪಾಸ್ ಮಾಡಿದ್ದಾ? ಸುಮ್ನೆ ಅಲ್ಲ ಕಾರ್ಖಾನೆಯವ್ರು ನಿನ್ನ ಬೆಂಚಿಗೆ ಆ ಪೆಟ್ಟಿಗೆ ತಂದಿಟ್ಟಿದ್ದು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆ ಬೈಯಲಿಲ್ಲ. "ನಂಗೇನು ಗೊತ್ತು ಬಿಡು," ಅಂದು ಅಡುಗೆಮನೆಗೆ ಹೋದಳು. ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ, ಆಗ ನನಗೆ ನನ್ನ ಕೋಪವೇ ದೊಡ್ಡದಾಗಿತ್ತು. ಭಾನುವಾರ ಬೆಳಿಗ್ಗೆ ನೋಡಿದರೆ, ಯಂತ್ರದ ಹಿಂದೆ ಹನ್ನೊಂದು ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದಿದ್ದಳು. ಕಂಪನಿಯ ಏಳು ಮಾತ್ರ ಉಳಿದಿತ್ತು.

ಅದೇ ಏಳನೇ ದಿನ. ವಾಪಸ್ಸು ಮಾಡುವುದಾದರೆ ಸಂಜೆ ಆರರೊಳಗೆ ಕಂಪನಿಗೆ ದೂರು ಹಾಕಬೇಕು, ಜೊತೆಗೆ ದೋಷದ ವಿಡಿಯೋ. ಮತ್ತೆ ಸ್ಪಂಜು ತುರುಕಬೇಕಲ್ಲ ಅಂತ ಗಾಜು ಬಿಚ್ಚಿಟ್ಟೆ. ಹಾಗೇ ವಿಡಿಯೋ ಮುಗಿಸೋಣವೆಂದು ಆಟ ಹಚ್ಚಿದೆ. ಹತ್ತು ನಿಮಿಷ, ಇಪ್ಪತ್ತು, ನಲವತ್ತು. ಪಾಪಿ ಯಂತ್ರ ಬೆಣ್ಣೆಯ ಹಾಗೆ ಓಡುತ್ತಿದೆ!

"ನಿನ್ನೆ ನಿಂತಿತ್ತು! ಈಗ ನನ್ನನ್ನ ಸುಳ್ಳುಗಾತಿ ಮಾಡ್ತಿದೆ!" ಅಂತ ಕೂಗಾಡಿದೆ.

ಪೇಪರ್ ಓದುತ್ತಿದ್ದ ಅಪ್ಪ ತಲೆ ಎತ್ತಲಿಲ್ಲ. "ಬಾನೆಟ್ ಎತ್ತಿಕೊಂಡು ಓಡಿಸಿದ್ರೆ ಯಾವ ಇಂಜಿನ್ ತಾನೇ ಬಿಸಿಯಾಗತ್ತೆ?"

ಅಡುಗೆಮನೆಯಲ್ಲಿ ಏನೋ ಠಣ್ಣೆಂದು ಬಿತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದಳು.

"ಅಣ್ಣ, ಇನ್ನೊಂದ್ಸಲ ಹೇಳು."

ಅಪ್ಪ ಹೇಳಿದ. ಅತ್ತೆ ಹಣೆ ಹಣೆ ಬಡಿದುಕೊಂಡಳು. "ಅಯ್ಯೋ ನನ್ನ ಬುದ್ಧಿಗಿಷ್ಟು! ಇಪ್ಪತ್ತಾರು ವರ್ಷ ಜಾಲರಿ ಹಾಕೋಕೆ ಮುಂಚೆ ಕೇಳಿದೋಳು ನಾನು. ಇಲ್ಲೂ ಹಾಗೇ ಮಾಡಿದೆ. ಮುಚ್ಚಿದ ಮೇಲೆ ಹೇಗಿರತ್ತೆ ಅಂತ ಕೇಳಲೇ ಇಲ್ಲ! ಏ ಮೆಣಸಿನಕಾಯಿ, ಗಾಜು ಹಾಕು. ಬೇಗ!"

ಹಾಕಿದೆ. ಅವಸರದಲ್ಲಿ ಒಂದು ಸ್ಕ್ರೂ ಜಾರಿ ಮಂಚದ ಕೆಳಗೆ ಉರುಳಿತು, ಅಪ್ಪ ಬಗ್ಗಿ ತಂದುಕೊಟ್ಟ. ಆಟ ಓಡುತ್ತಿತ್ತು, ಶಾಖ ಏರುತ್ತಿತ್ತು: ಎಪ್ಪತ್ತೆಂಟು, ಎಂಬತ್ತೈದು, ತೊಂಬತ್ತೊಂದು. ಅತ್ತೆಯ ಸ್ಕೇಲು ಹೊರಮೈ ಮೇಲೆ ಇಂಚಿಂಚೇ ಸರಿಯಿತು. ಯಂತ್ರದ ಮುಂಭಾಗಕ್ಕೆ ಬಂದಾಗ ನಿಂತಿತು.

"ಮುಂದಿನ ಮೂರಕ್ಕೂ ಗಾಳಿ ಸಿಗ್ತಿಲ್ಲ. ಪಾಪ, ಒದ್ದಾಡ್ತಿವೆ."

ಪೇಪರಿನ ಅಂಚು ಹರಿದು ಮುಂದಿನ ಸಂದಿಗೆ ಹಿಡಿದಳು. ಗಾಳಿ ಒಳಗೆ ಎಳೆಯುತ್ತಿದ್ದರೆ ಆ ಚೂರು ಅಂಟಿಕೊಳ್ಳಬೇಕಿತ್ತು. ಅದು ಸುಮ್ಮನೆ ಜೋತುಬಿತ್ತು. ಯಂತ್ರ ಆರಿಸಿ ಮುಂದಿನ ಮುಖವನ್ನು ಕಿತ್ತೆವು. ಧೂಳು ತಡೆಯುವ ಜಾಲರಿಯ ಒಳಮೈಗೆ ಗೀರು ಬೀಳದಿರಲೆಂದು ಅಂಟಿಸಿದ್ದ ತೆಳು ಪ್ಲಾಸ್ಟಿಕ್ ಹಾಳೆ, ನೀರಿನಷ್ಟು ಪಾರದರ್ಶಕ, ಹಾಗೇ ಕೂತಿತ್ತು! ಅತ್ತೆ ಉಗುರು ಹಾಕಿ ಮೂಲೆ ಎಬ್ಬಿಸಿದಳು. ಚರ್ರನೆ ಬಂತು. ನಾನು ಕಿರುಚಿದೆ, ಅಪ್ಪನೂ ಕಿರುಚಿದ, ಕೆಳಗಿನ ಮನೆಯವರು ಏನಾಯ್ತು ಅಂತ ಕೇಳಿದರು.

ಎಲ್ಲ ಮುಚ್ಚಿ ಮತ್ತೆ ಹಚ್ಚಿದೆವು. ಪೇಪರ್ ಚೂರು ಟಪ್ಪನೆ ಸಂದಿಗೆ ಅಂಟಿಕೊಂಡಿತು. ನಲವತ್ತು ನಿಮಿಷ ಓಡಿಸಿದೆ, ಶಾಖ ಎಪ್ಪತ್ತೊಂದು ದಾಟಲಿಲ್ಲ. ಶನಿವಾರ ಗೋಡೆಗೆ ಬಡಿದ ಅದೇ ತಿರುವನ್ನು ಕಾರು ಸರ್ರನೆ ದಾಟಿದಾಗ ನಾನು ಅತ್ತೆಯನ್ನು ತಬ್ಬಿಕೊಂಡು, "ತಪ್ಪಾಯ್ತು ಅತ್ತೆ. ನನ್ನ ನಾಲಿಗೆಗೆ ಎಲುಬಿಲ್ಲ," ಅಂದೆ.

"ನಿನ್ನ ನಾಲಿಗೆ ಇವತ್ತಿಂದಾ?" ಅಂದಳು ಅತ್ತೆ. ಕಣ್ಣು ಒದ್ದೆಯಾಗಿತ್ತು.

ವಾಪಸ್ಸು ಕಳಿಸುವ ಮಾತು ಮುಗಿಯಿತು. ಆದರೆ ಕಂಪನಿಗೆ ಹೇಳಬೇಡವೇ? ಇನ್ನೆಷ್ಟು ಮನೆಗೆ ಈ ಹಾಳೆ ಹೋಗಿದೆಯೋ. ದೂರಿನ ಫಾರಂ ತೆರೆದು ಬರೆದೆ: ಮುಂದಿನ ಜಾಲರಿಯಲ್ಲಿ ಪ್ಲಾಸ್ಟಿಕ್ ಉಳಿದಿದೆ, ಎಲ್ಲ ಯಂತ್ರವನ್ನೂ ನೋಡಿ. ಕೆಳಗೆ ಇನ್ನೊಂದು ಅಂಕಣ: ‘ಪರೀಕ್ಷಿಸಿದವರ ನಂಬರು’. ನಾನು ಉತ್ಸಾಹದಲ್ಲಿ ಏಳು ಅಂತ ಒತ್ತಿದೆ.

ಅತ್ತೆ ನನ್ನ ಮಣಿಕಟ್ಟು ಹಿಡಿದಳು. "ಅಳಿಸು."

"ತಪ್ಪು ಅವ್ರದ್ದೇ ಅಲ್ವಾ?"

"ಅವ್ರ ಮುಂದೆ ಬಂದಾಗ ಯಂತ್ರಕ್ಕೆ ಈ ಮುಂದಿನ ಮುಖ ಹಾಕಿದ್ರೋ ಇಲ್ವೋ. ನನ್ನ ಹಾಗೆ ತೆರೆದೇ ಕೇಳಿರ್ತಾರೆ. ಅವ್ರು ಗಂಡಸೋ ಹೆಂಗಸೋ ಗೊತ್ತಿಲ್ಲ, ಆದ್ರೆ ಮನೆಗೆ ಕಳಿಸೋಕೆ ಒಂದು ಚೀಟಿ ಸಾಕು ಕಣೇ."

ಅಳಿಸಿದೆ. ಅಂಕಣ ಖಾಲಿ ಬಿಟ್ಟರೆ ಫಾರಂ ಮುಂದೆ ಹೋಗಲಿಲ್ಲ. ಎರಡು ಸಲ ಒತ್ತಿದೆ, ಎರಡು ಸಲವೂ ಕೆಂಪಾಗಿ ‘ನಂಬರು ಬೇಕು’ ಅಂತ ನಿಂತಿತು. ಗಡಿಯಾರ ಆರಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಅತ್ತೆ ಡಬ್ಬಿಯಿಂದ ಸೀಮೆಸುಣ್ಣ ತೆಗೆಯುತ್ತ ಆರಾಮವಾಗಿ ಹೇಳಿದಳು:

"ಹನ್ನೊಂದು ಅಂತ ಹಾಕು. ನಾನೂ ಪರೀಕ್ಷೆ ಮಾಡಿದ್ನಲ್ಲ, ನಂಗೂ ಮೊದಲನೇ ಸಲ ಸಿಕ್ಕಿರಲಿಲ್ಲ."

ಹಾಕಿದೆ. ಫಾರಂ ಹೋಯಿತು. ಅಷ್ಟರಲ್ಲಿ ಅವಳು ಯಂತ್ರದ ಹಿಂದೆ ಬಗ್ಗಿ, ಆ ಏಳರ ಪಕ್ಕದಲ್ಲಿ ತನ್ನ ಗುರುತನ್ನು ಮತ್ತೆ ಬರೆಯುತ್ತಿದ್ದಳು, ಈ ಸಲ ಒತ್ತಿ.