ಕರೆದರೆ ಓಡುವ ಮಗು

ಪುಟ್ಟೇನಹಳ್ಳಿ ಕೆರೆಯ ಹಿಂದಿನ ರಸ್ತೆಯಲ್ಲಿ ಚೈತ್ರಳ ಗಂಟಲು ಕೇಳದವರಿಲ್ಲ. ಅವಳು ಸೊಸೆಯಾಗಿ ಬರುವಷ್ಟರಲ್ಲಿ ಮಾವ ಬೈರಣ್ಣನ ರಾಗಿ ಹೊಲ ಮೂರಂತಸ್ತಿನ ಬಾಡಿಗೆ ಮನೆಗಳಾಗಿತ್ತು. ಕೊಟ್ಟಿಗೆಯಿದ್ದ ಜಾಗದಲ್ಲಿ ಅವಳು ಶಿಶುವಿಹಾರ ತೆರೆದಳು. ದನ ಹೋಗಿ ಮಕ್ಕಳು ಬಂದರೂ ಕೂಗು ಮಾತ್ರ ಅದೇ ಎಂದು ಅತ್ತೆ ಮುನಿವೆಂಕಟಮ್ಮ ಆಡಿಕೊಳ್ಳುತ್ತಿದ್ದರು. ಚೈತ್ರ ಅದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ತಾನು ಒಮ್ಮೆ ‘ಬಾ ಬಾ’ ಎಂದರೆ ಯಾವ ಮಗುವಾದರೂ ಆಟ ಬಿಟ್ಟು ಓಡಿ ಬರುತ್ತದೆ ಎಂಬುದು ಅವಳ ಹೆಮ್ಮೆ. ಜಂಬ ಎಂದರೂ ನಡೆಯುತ್ತದೆ.

ಬರದೆ ಇದ್ದದ್ದು ಒಂದೇ ಮಗು, ದೋದೋ.

ಇನ್ನೂ ಮೂರು ತುಂಬದ ಹುಡುಗಿ. ತಾಯಿ ಲಿನ್ ಚೀನಾದವಳು, ಸಿಲ್ಕ್ ಬೋರ್ಡ್ ಕಡೆ ಒಂದು ಕಂಪನಿಯಲ್ಲಿ ಕೆಲಸ. ಗಂಡ ಊರಿಗೆ ಹೋದವನು ವೀಸಾ ಸಿಗದೆ ಅಲ್ಲೇ ಉಳಿದಿದ್ದ. ಇಬ್ಬರು ಹೆಂಗಸರದೂ ಅರೆಬರೆ ಇಂಗ್ಲಿಷ್, ಹೇಗೋ ಮಾತು ಸಾಗುತ್ತಿತ್ತು. ಮಗುವನ್ನು ಸೇರಿಸುವ ದಿನವೇ ಲಿನ್ ಖಡಾಖಂಡಿತವಾಗಿ ಹೇಳಿದ್ದಳು: ತುತ್ತು ಮಾಡಿ ತಿನ್ನಿಸಬೇಡಿ, ಬಿದ್ದರೆ ಎತ್ತಬೇಡಿ, ತಾನೇ ಏಳಲಿ. ತಮ್ಮೂರಿನ ಶಿಶುವಿಹಾರದಲ್ಲಿ ಟೀಚರ್ ಹೇಳಿದ್ದಕ್ಕೆ ಅಪ್ಪ ಅಮ್ಮನೂ ಎದುರಾಡುವುದಿಲ್ಲ. ಒಳ್ಳೆಯ ಮಗು ಎಂದರೆ ಮಾತು ಕೇಳುವ ಮಗು, ಅಷ್ಟೇ.

"ನಮ್ಮಲ್ಲೂ ಹಂಗೇ ಅನ್ನೋದು ಮೇಡಂ," ಎಂದು ಚೈತ್ರ ಹಿಗ್ಗಿದ್ದಳು. ಇಂಥ ತಾಯಂದಿರು ಈಗ ಎಲ್ಲಿ ಸಿಗುತ್ತಾರೆ?

ದೋದೋ ದಿನವೂ ಬಂದವಳೇ ತಲೆ ಬಗ್ಗಿಸಿ, ‘ಲಾವ್‌ಶಿ ಹಾವ್’ ಎಂದು ತನ್ನ ಭಾಷೆಯಲ್ಲಿ ಟೀಚರಿಗೆ ನಮಸ್ಕಾರ ಹೇಳುತ್ತಿದ್ದಳು. ಒಂದಗುಳು ಚೆಲ್ಲದೆ ಮೊಸರನ್ನ ತಿನ್ನುತ್ತಿದ್ದಳು. ಆದರೆ ಕರೆದಾಗ ಮಾತ್ರ ಅದೇನಾಗುತ್ತಿತ್ತೋ. ಚೈತ್ರ ಕೈ ಚಾಚಿ ‘ಬಾ ಬಾ’ ಎಂದರೆ ಸಾಕು, ಮಗುವಿನ ಮುಖ ಅರಳುತ್ತಿತ್ತು. ಮರುಕ್ಷಣ ಬೆನ್ನು ತಿರುಗಿಸಿ ಗೇಟಿಗೆ ಓಡಿ, ಸರಳು ಹಿಡಿದು ರಸ್ತೆ ನೋಡುತ್ತ ನಿಲ್ಲುತ್ತಿತ್ತು. ರಟ್ಟೆ ಹಿಡಿದು ಎಳೆದು ತರಬೇಕಿತ್ತು.

"ಆ ಕೂಸಿಗೆ ಕಿವಿ ಸರಿಗೆ ಕೇಳ್ಸಲ್ವೇನೋ," ಎಂದರು ಮುನಿವೆಂಕಟಮ್ಮ.

"ಕಿವಿ ಎಲ್ಲಾ ನೆಟ್ಟಗಿದೆ ಕಣತ್ತೆ. ಹಟ."

ಆ ಹಟವನ್ನು ಚೈತ್ರ ಲಿನ್‌ಳ ಕಿವಿಗೂ ಹಾಕಿದಳು, ಒಂದು ಸಲವಲ್ಲ. ಲಿನ್‌ಳ ಮುಖ ನಾಚಿಕೆಯಿಂದ ಕೆಂಪಾಯಿತು. ಮಾರನೆಯ ಬೆಳಿಗ್ಗೆ ಮಗುವನ್ನು ಬಿಡುವಾಗ ತಗ್ಗಿದ ದನಿಯಲ್ಲಿ ಹೇಳಿದಳು: "ರಾತ್ರಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೆ. ಇನ್ನು ಇವಳು ಹಾಗೆ ಓಡೋದಿಲ್ಲ." ಇಷ್ಟು ಚಿಕ್ಕ ಕೂಸಿಗೆ ಅದು ಹೆಚ್ಚಾಯಿತು ಎನ್ನಿಸಿತು ಚೈತ್ರಳಿಗೆ. ಸದ್ಯ, ಬುದ್ಧಿ ಬರಲಿ ಎಂದುಕೊಂಡು ಮಗುವನ್ನು ಒಳಗೆ ಕರೆದೊಯ್ದಳು.

ಅದಾದ ವಾರದಲ್ಲೇ ಒಂದು ಮಧ್ಯಾಹ್ನ ಮುನಿವೆಂಕಟಮ್ಮ ಸೊಪ್ಪಿನ ಗಾಡಿಯವನನ್ನು ನಿಲ್ಲಿಸಲು ಹೊರಗೆ ಹೋದರು. ಗೇಟು ಹಾಕಲು ಮರೆತರು. ಊಟಕ್ಕೆ ಕೂರಿಸುವ ಹೊತ್ತು. ಅಂಗಳದ ಮೂಲೆಯಲ್ಲಿದ್ದ ದೋದೋಳನ್ನು ಚೈತ್ರ ಒಳಗಿನಿಂದಲೇ ಕೂಗಿದಳು. ಕೂಗಿದ ಮೇಲೆ ನೋಡುತ್ತಾಳೆ, ಗೇಟು ಹಾರುಹೊಡೆದಿದೆ, ಮಗು ಅದನ್ನು ದಾಟಿಯಾಗಿದೆ.

ರಸ್ತೆ ಇಳಿಜಾರು. ಕೆಳಗಿನಿಂದ ನೀರಿನ ಟ್ಯಾಂಕರೊಂದು ಏದುಸಿರು ಬಿಡುತ್ತ ಏರಿ ಬರುತ್ತಿತ್ತು.

"ದೋದೋ, ಬಾ! ಬಾ ಬಾ!"

ಮಗು ಇನ್ನೂ ಜೋರಾಗಿ ಓಡಿತು, ಟ್ಯಾಂಕರಿನ ಕಡೆಗೇ. ಒಮ್ಮೆ ತಿರುಗಿ ನೋಡಿತು, ನಗುತ್ತಿತ್ತು. ಚೈತ್ರ ಗೇಟು ದಾಟಿ ಬಂದಳು. ಆ ರಸ್ತೆಗೆ ರಸ್ತೆಯೇ ಹೆದರುವ ಗಂಟಲನ್ನೆಲ್ಲ ಒಟ್ಟು ಮಾಡಿ ‘ಬಾ ಬಾ’ ಎಂದು ಅರಚುತ್ತ ಬರಿಗಾಲಲ್ಲಿ ಓಡಿದಳು. ಅವಳು ಕೂಗಿದಷ್ಟೂ ಆ ಪುಟ್ಟ ಕಾಲುಗಳು ಚುರುಕಾದವು. ಜಲ್ಲಿಕಲ್ಲಿಗೆ ಕಾಲು ಸಿಕ್ಕಿ ಚೈತ್ರ ಮುಗ್ಗರಿಸಿ ಬಿದ್ದಳು. ಉಸಿರು ಕಟ್ಟಿ ಬಾಯಿಂದ ಸೊಲ್ಲೇ ಹೊರಡಲಿಲ್ಲ.

ಮಗು ನಿಂತಿತು. ನಡುರಸ್ತೆಯಲ್ಲಿ ನಿಂತು ಆ ಕಡೆ ಈ ಕಡೆ ನೋಡಿತು. ಟ್ಯಾಂಕರಿನ ಬ್ರೇಕು ಕಿರುಚಿತು. ಡ್ರೈವರ್ ತಲೆ ಹೊರಗೆ ಹಾಕಿ ಬಾಯಿಗೆ ಬಂದದ್ದೆಲ್ಲ ಬೈದ. ಬೈಯಲಿ. ಚೈತ್ರ ಮಗುವನ್ನು ಬಾಚಿ ಎತ್ತಿಕೊಂಡಾಗ ಅವಳ ಮೊಣಕಾಲಿನಿಂದ ರಕ್ತ ಸುರಿಯುತ್ತಿತ್ತು.

ಅತ್ತೆ ಸಂಜೆಯವರೆಗೂ ಗೇಟಿನ ಅಗುಳಿ ನೋಡುತ್ತಲೇ ಇದ್ದರು. "ಆವಮ್ಮಂಗೆ ಹೇಳ್ಬೇಡ ಕಣೆ, ಮಗೀನ ಬಿಡಿಸ್ಕೊಂಡು ಹೋಯ್ತಾಳೆ."

ಲಿನ್ ಬಂದಾಗ ಚೈತ್ರ ಹೇಳಿದಳು. ಗೇಟು ತೆರೆದಿದ್ದದ್ದು, ಟ್ಯಾಂಕರ್ ಬಂದದ್ದು, ಎಲ್ಲವನ್ನೂ. ಲಿನ್ ಬೈಯುತ್ತಾಳೆಂದು ಕಾದಳು. ಲಿನ್ ಬೈಯಲಿಲ್ಲ, ಬಿಳಿಚಿಕೊಂಡ ಮುಖದಲ್ಲೇ ಮಗುವಿನ ಎದುರು ಕುಕ್ಕರುಗಾಲಲ್ಲಿ ಕುಳಿತು ಗಡುಸಾಗಿ ಏನೋ ಕೇಳಿದಳು. ಮಗು ಚೈತ್ರಳತ್ತ ತಿರುಗಿ ತಲೆ ಬಗ್ಗಿಸಿತು.

"ತಪ್ಪಾಯ್ತು ಅಂತಿದ್ದಾಳೆ," ಎಂದಳು ಲಿನ್. "ಟೀಚರ್ ಮಾತು ಕೇಳಲಿಲ್ಲ ಅಂತ."

ಆಮೇಲೆ ಮಗು ಬಿಕ್ಕುತ್ತ ಇನ್ನೂ ಏನೋ ಹೇಳಿತು. ಚೈತ್ರಳನ್ನು ತೋರಿಸಿತು, ಗೇಟನ್ನು ತೋರಿಸಿತು. ಲಿನ್ ಅದನ್ನೇ ಇನ್ನೊಮ್ಮೆ ಕೇಳಿದಳು.

"ಏನಂತೆ ಮೇಡಂ?"

"ಅಪ್ಪ ಬಂದಿದ್ದಾರೆ ಅಂತ ಟೀಚರೇ ಹೇಳಿದ್ದಂತೆ."

"ನಾನಾ? ನಾನು ಬಾ ಬಾ ಅಂದೆ. ಇಲ್ಲಿಗೆ ಬಾ ಅಂತ."

"ಬಾಬಾ," ಎಂದಳು ಲಿನ್ ನಿಧಾನವಾಗಿ. "ನಮ್ಮಲ್ಲಿ ಅಪ್ಪನಿಗೆ ಹಾಗೇ ಅನ್ನೋದು."

ಚೈತ್ರ ಗೇಟಿನತ್ತ ನೋಡಿದಳು. ಊಟಕ್ಕೆ, ಕೈ ತೊಳೆಯುವುದಕ್ಕೆ, ಮಲಗುವುದಕ್ಕೆ, ದಿನಾ ಎಷ್ಟು ಸಲ ಕೂಗಿದ್ದಳು. ಎಷ್ಟು ಸಲ ಕೂಗಿದರೂ ಮಗು ನಂಬಿ ಗೇಟಿಗೆ ಓಡಿತ್ತು. ಓಡಿದ್ದಕ್ಕೆ ರಟ್ಟೆ ಹಿಡಿದು ಎಳೆಸಿಕೊಂಡಿತ್ತು, ಗೋಡೆಗೆ ಮುಖ ಮಾಡಿ ನಿಂತಿತ್ತು. ಈಗ ತಪ್ಪಾಯ್ತು ಎಂದೂ ಹೇಳಿತ್ತು.

ಮಗು ಅಳುತ್ತ ಅಲ್ಲೇ ನಿಂತಿತ್ತು. ಹತ್ತಿರ ಕರೆಯಬೇಕೆಂದು ಚೈತ್ರ ಬಾಯಿ ತೆರೆದಳು. ಕರೆಯಲು ಅವಳಿಗೆ ಬೇರೆ ಮಾತು ಗೊತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು, ಕುಂಟುತ್ತ, ತಾನೇ ಅದರ ಬಳಿಗೆ ಹೋದಳು.