ಬಂಗಡೆ ಸಾರಿನ ಜೊತೆ ಕೆಂಪು ವೈನು

ಇಲ್ಲ, ಸ್ಟೀಲಿನ ಲೋಟಗಳೇ ಇರಬೇಕು. ಉದ್ದ ಕಾಲಿನ ಗಾಜಿನ ಗ್ಲಾಸುಗಳು ಕಣ್ಣ ಮುಂದೆ ಬರುತ್ತವೆ, ಆದರೆ ಅಂಕೋಲೆಯ ದೊಡ್ಡಮ್ಮನ ಮನೆಯಲ್ಲಿ ಅಂಥವು ಎಲ್ಲಿಂದ ಬರಬೇಕು? ಯಾವುದೋ ಜಾಹೀರಾತಿನಿಂದ ಎದ್ದು ಬಂದು ಆ ಊಟದಲ್ಲಿ ಕೂತಿವೆ. ನನ್ನ ನೆನಪು ಹೀಗೆ ತನಗೆ ಬೇಕಾದ ಪಾತ್ರೆಗಳನ್ನು ತಾನೇ ತಂದಿಟ್ಟುಕೊಳ್ಳುತ್ತದೆ. ಹಾಗಾಗಿ ಮುಂದಿನದನ್ನೂ ಪೂರ್ತಿ ನಂಬಬೇಕಾಗಿಲ್ಲ.

ಆ ಊಟಕ್ಕೆ ಒಯ್ದ ವೈನಿನ ಬಾಟಲಿ ಕೊಟ್ಟವನು ನನ್ನ ತಮ್ಮ. ಮಾಜಾಳಿಯಿಂದ ದಿನಾ ಗೋವೆಗೆ ಹೋಗಿ ಹೋಟೆಲೊಂದರಲ್ಲಿ ಕೆಲಸ ಮಾಡುತ್ತಾನೆ. ವೈನು ಕೆಂಪು ಎನ್ನುವುದಕ್ಕಿಂತ ಕಪ್ಪು. ಮೂಗಿಗೆ ನೇರಳೆ ಹಣ್ಣು, ಹಿಂದೆಯೇ ಕಾಳುಮೆಣಸು. ನಾಲಿಗೆಯ ಮೇಲೆ ಮಾತ್ರ ಒಗರು; ಬಲಿಯದ ಗೇರುಹಣ್ಣು ಕಚ್ಚಿದಂತೆ ಒಸಡು ಬಿಗಿಯುತ್ತದೆ.

"ಇದಕ್ಕೆ ಕೊಬ್ಬು ಬೇಕು, ಅಕ್ಕ. ಮಟನ್ ಇದ್ದ ದಿನ ತೆಗಿ" ಎಂದು ಆಗಲೇ ಹೇಳಿದ್ದೆ ಅನ್ನುತ್ತಾನೆ ಅವನು. ಹೇಳಿರಲಿಲ್ಲ ಅನ್ನುತ್ತೇನೆ ನಾನು. ಹೇಳಿದ್ದರೂ ಕೇಳುತ್ತಿರಲಿಲ್ಲವೇನೋ. ಮೀನೂಟದ ಕೊನೆಗೆ ಮುರುಗಲ ಹಣ್ಣಿನ ಕೆಂಪು ಹುಳಿನೀರು, ನಮ್ಮ ಕಡಿ, ಕುಡಿದು ಬೆಳೆದವಳು ನಾನು. ವೈನೂ ಕೆಂಪಗಿದೆ, ಹುಳಿಯಿದೆ, ಅಂದ ಮೇಲೆ ಮೀನಿಗೆ ಹೊಂದಲೇಬೇಕು ಅಂದುಕೊಂಡೆ.

ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ. ಕಿವಿರು ಎತ್ತಿ ಒಮ್ಮೆ ಮೂಸಿದರೆ ಮೀನು ಎಂದಿನದು ಎಂದು ಹೇಳುತ್ತಿದ್ದಳು. ಅಕ್ಕಪಕ್ಕದವರೂ ತಂದು ತೋರಿಸುತ್ತಿದ್ದರು. ಒಂದು ಜ್ವರ ಬಂದು ಮೂಗಿನ ಆ ಶಕ್ತಿಯನ್ನು ಹೊತ್ತೊಯ್ದಿತು. ಅರ್ಧ ತಿರುಗಿ ಬಂತು. ಉಳಿದರ್ಧ ಬಂದಿದೆಯೋ ಇಲ್ಲವೋ ಎಂಬ ಅಂಜಿಕೆಯಲ್ಲಿ ಮೀನು ಆರಿಸುವುದನ್ನು ಸೊಸೆಗೆ ಬಿಟ್ಟಿದ್ದಳು. ನಾನೂ ನನ್ನ ಗಂಡನೂ ಕಾರವಾರದಿಂದ ಹೋದ ಆ ಭಾನುವಾರ ಮಗ, ಸೊಸೆ ಮನೆಯಲ್ಲಿರಲಿಲ್ಲ. ಬಹಳ ದಿನಗಳ ಮೇಲೆ ಬಂಗಡೆಯನ್ನು ಅವಳೇ ಆರಿಸಿ ತಂದಿದ್ದಳು.

ಸಾರು, ಅನ್ನದ ಜೊತೆ ನಮ್ಮಿಬ್ಬರಿಗೆ ಮಾತ್ರ ವೈನೂ ಇತ್ತು. ಗಂಡ ಎರಡು ತುತ್ತಿಗೇ ಮುಖ ಹಿಂಡಿದ.

"ಎಂತದಿದು, ಕಿಲುಬು ಹಿಡ್ದಂಗೆ ಅದೆಯಲ್ಲ?"

"ಹೌದಲ್ಲ, ನಂಗೂ" ಎಂದೆ. ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಹುಳಿ ಇಟ್ಟರೆ ಬರುವ ರುಚಿ.

"ಸಾರು ಮಾಡಿದ್ದು ಮಣ್ಣಿನ ಗಡಿಗೇಲಿ. ಕಿಲುಬು ಎಲ್ಲಿಂದ ಬರ್ತದೆ?" ಎಂದಳು ದೊಡ್ಡಮ್ಮ.

"ಬೈತಖೋಲ ಬಂದರದ ಬೋಟಿನ ಮೊಳೆನೂ ಸೇರ್ಸಿ ಬೇಯ್ಸಿದ್ರಿ ಕಾಣ್ತದೆ, ಅತ್ತೆ" ಎಂದ ಗಂಡ.

ನಾನು ನಕ್ಕೆ. ಈ ನಗುವಿನ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ಅವಳು ನನ್ನ ಬಟ್ಟಲಿಂದಲೇ ಒಂದು ಚೂರು ಮುರಿದು ಬಾಯಿಗಿಟ್ಟಳು. "ನಂಗೆ ಏನೂ ಗೊತ್ತಾಗೂದಿಲ್ಲ" ಎಂದಳು. ನಮಗೆ ಗೊತ್ತಾದದ್ದು ತನಗೆ ಗೊತ್ತಾಗದಿದ್ದರೆ ಮೂಗಿನ ಜೊತೆ ನಾಲಿಗೆಯೂ ಹೋಯಿತು ಎಂದೇ ಅವಳು ಲೆಕ್ಕ ಹಾಕಿರಬೇಕು. ಗಡಿಗೆಯನ್ನು ಒಯ್ದು ತೆಂಗಿನ ಬುಡಕ್ಕೆ ಸುರಿದಳು. ಅಂದಿನಿಂದ ಅವಳು ಮೀನು ಮುಟ್ಟಲಿಲ್ಲ.

ತಮ್ಮನಿಗೆ ಇದನ್ನು ತಮಾಷೆಯೆಂದೇ ಹೇಳಿದ್ದೆ. ಅವನು ನಗಲಿಲ್ಲ.

"ವೈನಿನಲ್ಲಿ ಕಬ್ಬಿಣದ ಅಂಶ ಇರ್ತದೆ. ಬಂಗಡೆ ಎಣ್ಣೆ ಮೀನು. ಎರಡೂ ಬಾಯಲ್ಲಿ ಕೂಡಿದ್ರೆ ಹಂಗೇ ಆಗೂದು. ಮಟನ್ನಿನ ಕೊಬ್ಬಾದ್ರೆ ಆ ಒಗರನ್ನ ಮೆತ್ತಗೆ ಮಾಡ್ತದೆ. ಮೀನಿಗೆ ಏನಾಗಿರ್ಲಿಲ್ಲ, ಅಕ್ಕ. ಪಾಪ, ದೊಡ್ಡಮ್ಮಗೆ ಹೇಳಿದ್ಯಾ?"

ಹೇಳಲು ಹೋದೆ. ಅದೇ ವೈನಿನ ಇನ್ನೊಂದು ಬಾಟಲಿ ಒಯ್ದೆ. ಬಾಯಿಮಾತಿಗಿಂತ ಪ್ರಯೋಗ ಮೇಲು ಎಂಬ ಹುಚ್ಚು. ಸೊಸೆ ಬಂಗಡೆ ಸಾರು ಮಾಡಿದಳು. ಗಂಡ ಮೊದಲು ಬರೀ ಸಾರು, ಅನ್ನ ತಿಂದ: ರುಚಿ. ವೈನು ಕುಡಿದು ತಿಂದ: ಅದೇ ಕಿಲುಬು, ಅದೇ ಮುಖ. ನಾನು ಗೆದ್ದವಳಂತೆ ದೊಡ್ಡಮ್ಮನನ್ನು ನೋಡಿದೆ.

"ಇವತ್ತಿನ ಮೀನು ಸೊಸೆ ಆರಿಸಿದ್ದು. ಅವತ್ತಿಂದು ನಾ ಆರಿಸಿದ್ದು. ಇದು ಅದಕ್ಕೆ ಸಾಕ್ಷಿ ಹೆಂಗಾಗ್ತದೆ, ತಂಗಿ?" ಎಂದಳು.

ನಾನು ಬಾಟಲಿಗೆ ಬಿರಡೆ ಹಾಕಿದೆ. ಅವಳೇ ಮುಂದುವರಿಸಿದಳು.

"ಅವತ್ತು ನೀನು ಮೊದಲ ತುತ್ತು ತಿಂದದ್ದು ಅದನ್ನ ಕುಡಿಯೂಕಿಂತ ಮೊದ್ಲಾ, ಆಮೇಲಾ?"

"ಆಮೇಲೆ."

"ಇಷ್ಟು ಬೇಗ ನೆನಪಾಯ್ತನಾ?" ಎಂದು ಬಾಟಲಿಯ ಕಡೆ ನೋಡಿ, "ನನ್ನ ಸಮಾಧಾನಕ್ಕೆ ಎಷ್ಟು ಖರ್ಚು ಮಾಡ್ತಿ ಮಾರಾಯ್ತಿ" ಎಂದು ಎದ್ದು ಹೋದಳು.

ದಾರಿಯಲ್ಲಿ ಗಂಡನನ್ನೂ ಅದನ್ನೇ ಕೇಳಿದೆ. ಆಮೇಲೆ ಎಂದ. ಅರ್ಗಾ ಊರು ದಾಟಿದ ಮೇಲೆ, ಇಲ್ಲ, ತಾನು ಮೊದಲು ಊಟಕ್ಕೇ ಕೈ ಹಾಕಿದ್ದು ಎಂದ. ನನಗೆ ಎರಡೂ ನೆನಪಾಗುತ್ತವೆ, ಎರಡೂ ಅಷ್ಟೇ ಸ್ಪಷ್ಟವಾಗಿ. ವೈನು ಕಾರಣವಾಗಿರಬಹುದು ಎನ್ನುವುದು ನಿಜ. ಆ ದಿನ ಕಾರಣ ಅದೇನಾ, ಅವಳು ಆರಿಸಿದ ಬಂಗಡೆ ಚೆನ್ನಾಗಿತ್ತಾ, ನನಗೆ ಗೊತ್ತಿಲ್ಲ.